ಅತ್ತಿಗೆಯ ಆರ್ಟ್ ಸಿಲ್ಕ್ ಸೀರೆಯೂ ಹೈಡ್ರೋಜನ್ ಬಂಧವೂ



ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ, ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿರುವ ಅಣ್ಣನ ಮೊಮ್ಮಗಳು ತನ್ನ ರಸಾಯನಶಾಸ್ತ್ರದ ನೋಟ್ಸನ್ನು ತಂದು ನನ್ನ ಮುಂದಿಟ್ಟಳು. ನಿವೃತ್ತನಾಗಿ ವರ್ಷಗಳು ಕಳೆದರೂ ನನ್ನ ಬೆರಳುಗಳು ಕೆಂಪು ಪೆನ್ನನ್ನು ಹುಡುಕುವುದನ್ನು ಬಿಟ್ಟಿಲ್ಲ! ಪುಟ ತಿರುವುತ್ತಾ ಹೋದಂತೆ ರಾಸಾಯನಿಕ ಬಂಧಗಳ ಅಧ್ಯಾಯದ ಕೊನೆಯಲ್ಲಿ ಹೈಡ್ರೋಜನ್ ಬಂಧಕ್ಕೆ ನಾಲ್ಕೇ ನಾಲ್ಕು ಸಾಲು ಮೀಸಲಾಗಿತ್ತು. ಇಂಗ್ಲಿಷಿನಲ್ಲಿದ್ದ ಆ ಸಾಲುಗಳ ತಾತ್ಪರ್ಯ ಇಷ್ಟು: ಇದು ದುರ್ಬಲವಾದ ಬಂಧ, ನೀರು ಇದಕ್ಕೆ ಉದಾಹರಣೆ, ಮಂಜುಗಡ್ಡೆ ನೀರಿನ ಮೇಲೆ ತೇಲುವುದಕ್ಕೆ ಇದೇ ಕಾರಣ. ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಎರಡು ಅಂಕ" ಎಂದು ಬರೆದಿತ್ತು.

ಓದಿ ನಗು ಬಂತು. ಮರುಕ್ಷಣವೇ ನಾಚಿಕೆಯೂ ಆಯಿತು. ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನಾನು, ಪ್ರಸಂಗ ಬಂದಾಗಲೆಲ್ಲ ಇದಕ್ಕಿಂತ ಹೆಚ್ಚೇನನ್ನು ಹೇಳಿದ್ದೆ? ನನ್ನ ಕಾಲಕ್ಕೆ ಅದನ್ನು ಜಲಜನಕ ಬಂಧ ಎನ್ನುತ್ತಿದ್ದೆವು. ಹೆಸರು ಬದಲಾಯಿತು, "ದುರ್ಬಲ" ಎಂಬ ಹಣೆಪಟ್ಟಿ ಮಾತ್ರ ಹಾಗೆಯೇ ಉಳಿಯಿತು. ಆ ಒಂದು ಮಾತಿನ ಮೇಲೆ ನನಗೆ ತಕರಾರಿದೆ. ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅಷ್ಟನ್ನೇ ಹೇಳಿ ಪಾಠ ಮುಗಿಸಿದರೆ ಕೇಳುವ ವಿದ್ಯಾರ್ಥಿ ಅದನ್ನು "ಅಮುಖ್ಯ" ಎಂದು ಓದಿಕೊಳ್ಳುತ್ತಾನೆ. ಹಾಗೆ ಓದಿಕೊಂಡವರಲ್ಲಿ ನಾನೂ ಒಬ್ಬ. ನನ್ನ ಆ ಓದಿನ ಫಲವಾಗಿ ನಮ್ಮ ಮನೆಯಲ್ಲಿಯೇ ಒಬ್ಬರು ತಮ್ಮದಲ್ಲದ ತಪ್ಪಿಗೆ ಬೈಗುಳ ಕೇಳಬೇಕಾಯಿತು.

1985ನೆಯ ಇಸವಿ. ಅಣ್ಣನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷ. ಓಣಿಯಲ್ಲೆಲ್ಲ "ಸೈನ್ಸ್ ಮಾಸ್ತರ" ಎಂಬ ಬಿರುದು ಹೊಸದಾಗಿ ಹೊಳೆಯುತ್ತಿದ್ದ ಕಾಲ. ನಮ್ಮೂರು ತುಂಗಭದ್ರೆಯ ದಂಡೆಯದು. ವಾರಕ್ಕೊಮ್ಮೆ ಮನೆಯ ಬಟ್ಟೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೊಳೆಗೆ ಹೋಗಿ ಒಗೆದು ತರುವುದು ವಾಡಿಕೆಯಾಗಿತ್ತು. ಮದುವೆಯಲ್ಲಿ ನಮ್ಮ ಕಡೆಯಿಂದ ಅತ್ತಿಗೆಗೆ ಕೊಟ್ಟಿದ್ದ ಆರ್ಟ್ ಸಿಲ್ಕ್ ಸೀರೆಯೊಂದು, ಗಿಳಿಹಸಿರು ಮೈ, ಕೆಂಪು ಅಂಚು, ಆ ವಾರದ ಗಂಟಿನಲ್ಲಿತ್ತು. ಅತ್ತಿಗೆ ಅವ್ವನ ಹತ್ತಿ ಸೀರೆಗಳನ್ನು ಹೇಗೆ ಕಲ್ಲಿಗೆ ಬಡಿದು ಒಗೆದರೋ ಹಾಗೆಯೇ ಅದನ್ನೂ ಒಗೆದರು. ಮೂರೋ ನಾಲ್ಕೋ ಪೆಟ್ಟಿಗೆ ಸೀರೆ ನಟ್ಟನಡುವೆ ಗೇಣುದ್ದ ಬಿರಿಯಿತು. ಹಿಂಡುವಾಗ ಅದು ಮೊಳದುದ್ದವಾಯಿತು.

ಮನೆಗೆ ಬಂದಾಗ ಅವ್ವ ಸುಮ್ಮನಿರಲಿಲ್ಲ. "ಕೊಟ್ಟ ಸೀರಿ ಜ್ವಾಕಿ ಮಾಡಾಕ ಬರಂಗಿಲ್ಲ. ಕೈಯಾಗ ಹದ ಅನ್ನೂದ ಇಲ್ಲ" ಎಂದು ಶುರುವಾದದ್ದು ತವರಿನವರೆಗೂ ಹೋಯಿತು. ಅತ್ತಿಗೆ ನನ್ನ ಮುಖ ನೋಡಿ, "ಉಳಿದ ಸೀರಿ ಯಾವೂ ಹರೀಲಿಲ್ಲಲ್ಲ ಮಾಸ್ತರ? ಅದ ಕೈ, ಅದ ಕಲ್ಲು" ಎಂದರು.

ಶಿಷ್ಯರೇ, ಈ ಮಾತನ್ನು ಗಮನಿಸಿ. ಬಡಿದ ಕೈ ಒಂದೇ, ಕಲ್ಲು ಒಂದೇ, ಹೊಳೆಯ ನೀರು ಒಂದೇ. ಬೇರೆಯಾಗಿದ್ದದ್ದು ಬಟ್ಟೆ ಮಾತ್ರ. ಪ್ರಯೋಗವೊಂದರಲ್ಲಿ ಒಂದೇ ಅಂಶವನ್ನು ಬದಲಿಸಿ ಉಳಿದೆಲ್ಲವನ್ನೂ ಸ್ಥಿರವಾಗಿಡಬೇಕೆಂದು ನಾನು ತರಗತಿಯಲ್ಲಿ ಗಂಟಲು ಹರಿಯುವಂತೆ ಹೇಳುತ್ತಿದ್ದೆನಲ್ಲ, ಅದನ್ನೇ ಆಕೆ ಹೇಳಿದ್ದರು. ಸೈನ್ಸ್ ಮಾಸ್ತರನಿಗೆ ಅದು ಕೇಳಿಸಲಿಲ್ಲ. "ನೀರಲ್ಲಿ ನೆಂದ ಮೇಲೆ ಎಲ್ಲ ಬಟ್ಟೆಯೂ ಒಂದೇ ಅತ್ತಿಗೆ, ಬಡಿಯುವುದಕ್ಕೂ ಒಂದು ಅಳತೆ ಬೇಕು" ಎಂದು ತೀರ್ಪು ಕೊಟ್ಟುಬಿಟ್ಟೆ. ಓದಿದವನ ಮಾತು, ಅವ್ವನಿಗೆ ಮತ್ತಷ್ಟು ಬಲ ಬಂತು. ಅತ್ತಿಗೆ ಮತ್ತೆ ಆ ವಿಷಯ ಎತ್ತಲಿಲ್ಲ.

ಹದಿಮೂರು ವರ್ಷಗಳ ಮೇಲೆ, 1998ರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ ಆ ಪ್ರಕರಣ ನನ್ನನ್ನು ಹುಡುಕಿಕೊಂಡು ಬಂತು. ಇಂಗಾಲದ ಸಂಯುಕ್ತಗಳ ಪಾಠ ನಡೆದಿತ್ತು. ಹತ್ತಿಯೂ ಕಾಗದವೂ ಮೂಲದಲ್ಲಿ ಸೆಲ್ಯುಲೋಸ್ ಎಂಬ ಒಂದೇ ವಸ್ತು ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಸರ್, ನೆಂದ ಕಾಗದ ಮುಟ್ಟಿದರೆ ಹರಿಯುತ್ತದೆ, ನೆಂದ ಪಂಚೆ ಏಕೆ ಹರಿಯುವುದಿಲ್ಲ?" ಎಂದು ಕೇಳಿದಳು. "ಪಂಚೆಯನ್ನು ನೇಯ್ದಿರುತ್ತಾರೆ, ಕಾಗದವನ್ನು ನೇಯುವುದಿಲ್ಲ" ಎಂದೆ. ಅರ್ಧ ಸರಿಯಾದ ಉತ್ತರವೇ. ಆದರೆ ಆಕೆ ಕುಳಿತುಕೊಳ್ಳಲಿಲ್ಲ. "ಆರ್ಟ್ ಸಿಲ್ಕ್ ಸೀರೆಯನ್ನೂ ನೇಯ್ದಿರುತ್ತಾರಲ್ಲ ಸರ್? ಅದು ನೆಂದಾಗ ಬಡಿದರೆ ಹರಿಯುತ್ತದೆ. ನಮ್ಮಮ್ಮ ಅದನ್ನು ಕಲ್ಲಿಗೆ ಹಾಕುವುದೇ ಇಲ್ಲ, ಬರೀ ಜಾಲಾಡಿಸಿ ನೆರಳಿಗೆ ಹರವುತ್ತಾರೆ." ಆಕೆಯ ತಾಯಿ ನಾಲ್ಕಾರು ಮನೆಗಳ ಬಟ್ಟೆ ಒಗೆಯುತ್ತಿದ್ದವರು.

ನನಗೆ ಗಿಳಿಹಸಿರು ಸೀರೆ ಕಣ್ಣ ಮುಂದೆ ಬಂದು ನಿಂತಿತು. "ಅದು ಪಠ್ಯದಲ್ಲಿಲ್ಲ, ಕುಳಿತುಕೋ" ಎಂದೆ. ಗಂಟೆಯೂ ಹೊಡೆಯಿತು.

ಮುಂದಿನ ಬೇಸಿಗೆಯಲ್ಲಿ ಮೌಲ್ಯಮಾಪನಕ್ಕೆಂದು ಧಾರವಾಡಕ್ಕೆ ಹೋದಾಗ, ಸಂಜೆಯ ಹೊತ್ತು ಗ್ರಂಥಾಲಯದಲ್ಲಿ ನೂಲಿನ ರಸಾಯನಶಾಸ್ತ್ರದ ಪುಸ್ತಕಗಳನ್ನು ತೆಗೆಸಿ ಓದಿದೆ. ಅಲ್ಲಿ ಕಂಡದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸಾಧ್ಯವಾದಷ್ಟು ಸರಳವಾಗಿ ಇಲ್ಲಿ ಹೇಳುತ್ತೇನೆ. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವಿದು.

ಪಾಲಿಮರ್ ಎಂದರೆ ಪ್ಲಾಸ್ಟಿಕ್ ಎಂದು ಮಾತ್ರ ತಿಳಿಯಬಾರದು. ಒಂದೇ ಬಗೆಯ ಸಣ್ಣ ಅಣುಗಳು ಜಪಮಾಲೆಯ ಮಣಿಗಳಂತೆ ಸಾವಿರಗಟ್ಟಲೆ ಪೋಣಿಸಿಕೊಂಡು ಆದ ಉದ್ದನೆಯ ಸರಪಳಿಗಳೆಲ್ಲವೂ ಪಾಲಿಮರ್‌ಗಳೇ. ಹತ್ತಿ, ರೇಷ್ಮೆ, ಉಣ್ಣೆ, ಜೋಳದ ಹಿಟ್ಟಿನ ಪಿಷ್ಟ, ನಮ್ಮ ಚರ್ಮ, ನಮ್ಮ ಕೂದಲು ಎಲ್ಲವೂ ಈ ಜಾತಿಗೆ ಸೇರಿದವು. ಇಂಥ ದೈತ್ಯ ಅಣುಗಳು ಇರಬಹುದೆಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಹೇಳಿದಾಗ ಬಹುಮಂದಿ ವಿದ್ವಾಂಸರು ನಂಬಿರಲಿಲ್ಲ. ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ.

ಸರಪಳಿಯ ಉದ್ದಕ್ಕೂ ಮಣಿಯಿಂದ ಮಣಿಗೆ ಇರುವುದು ಗಟ್ಟಿಯಾದ ಸಹವೇಲೆನ್ಸೀಯ ಬಂಧ. ಹಾಗಾದರೆ ಒಂದು ಸರಪಳಿಯನ್ನು ಪಕ್ಕದ ಸರಪಳಿಗೆ ಹಿಡಿದಿಡುವುದು ಯಾವುದು? ಅನೇಕ ಪಾಲಿಮರ್‌ಗಳಲ್ಲಿ ಆ ಕೆಲಸದ ದೊಡ್ಡ ಪಾಲು ನಮ್ಮ ಈ ಹೈಡ್ರೋಜನ್ ಬಂಧದ್ದು. ಆಮ್ಲಜನಕಕ್ಕೋ ಸಾರಜನಕಕ್ಕೋ ಅಂಟಿಕೊಂಡಿರುವ ಹೈಡ್ರೋಜನ್ ಪರಮಾಣುವು ತನ್ನ ಎಲೆಕ್ಟ್ರಾನಿನ ಪಾಲನ್ನು ಹೆಚ್ಚುಕಡಿಮೆ ಬಿಟ್ಟುಕೊಟ್ಟು ತುಸು ಧನ ವಿದ್ಯುದಂಶವನ್ನು ಪಡೆದಿರುತ್ತದೆ. ಎದುರಿನ ಸರಪಳಿಯಲ್ಲಿ ಇನ್ನೊಂದು ಆಮ್ಲಜನಕವೋ ಸಾರಜನಕವೋ ಕಂಡರೆ ಅದರತ್ತ ಸೆಳೆಯಲ್ಪಡುತ್ತದೆ. ಇಂಗಾಲ ಇಂಗಾಲಗಳ ನಡುವಿನ ಬಂಧವನ್ನು ಬಿಡಿಸಲು ಮೋಲ್ ಒಂದಕ್ಕೆ ಸುಮಾರು 350 ಕಿಲೋಜೌಲ್ ಶಕ್ತಿ ಬೇಕಾದರೆ, ನೀರಿನಲ್ಲಿರುವ ಹೈಡ್ರೋಜನ್ ಬಂಧಕ್ಕೆ 20ರ ಆಸುಪಾಸು ಸಾಕು. ದುರ್ಬಲವೆಂದು ಕರೆಯುವುದು ಈ ಲೆಕ್ಕದಿಂದ. ಆದರೆ ನಮ್ಮೂರ ತೇರನ್ನು ನೆನೆಸಿಕೊಳ್ಳಿ. ಹಗ್ಗಕ್ಕೆ ಕೈ ಹಚ್ಚಿದವರಲ್ಲಿ ಯಾರೊಬ್ಬರೂ ತೇರನ್ನು ಒಂದಂಗುಲ ಅಲುಗಿಸಲಾರರು. ಐನೂರು ಜನ ಒಮ್ಮೆಗೇ ಎಳೆದಾಗ ತೇರು ಹೊರಡುತ್ತದೆ. ಸೆಲ್ಯುಲೋಸಿನಲ್ಲಿ ಪ್ರತಿಯೊಂದು ಗ್ಲೂಕೋಸ್ ಮಣಿಗೂ ಕೈ ಹಚ್ಚಲು ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ, ಮಣಿಗಳೋ ಸಾವಿರಾರು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಕಾಗದದಲ್ಲಿ ಸಣ್ಣ ಸಣ್ಣ ನಾರುಗಳನ್ನು ನೀರಿನಲ್ಲಿ ಕಲಸಿ ಹರವಿ ಒಣಗಿಸುತ್ತಾರೆ. ನೀರು ಆರುತ್ತಾ ಹೋದಂತೆ ಒಂದು ನಾರು ಇನ್ನೊಂದರ ಮೈಗೆ ತಾಗಿ, ತಾಗಿದಲ್ಲೆಲ್ಲ ಹೈಡ್ರೋಜನ್ ಬಂಧಗಳು ಬೆಸೆದುಕೊಳ್ಳುತ್ತವೆ. ಸಾಧಾರಣ ಕಾಗದವನ್ನು ಕಾಗದವಾಗಿ ನಿಲ್ಲಿಸುವ ಮುಖ್ಯವಾದ ಅಂಟು ಅದೇ. ಮತ್ತೆ ನೀರು ಬಿದ್ದರೆ ನೀರಿನ ಅಣುಗಳು ನಡುವೆ ನುಗ್ಗಿ ಆ ಕೈಗಳನ್ನು ತಾವೇ ಹಿಡಿದುಕೊಳ್ಳುತ್ತವೆ. ನಾರು ನಾರಿನಿಂದ ಬಿಟ್ಟುಹೋಗುತ್ತದೆ. ನಾರಿನೊಳಗಿನ ಕಟ್ಟು ಮಾತ್ರ ಹಾಗೆಯೇ ಇರುತ್ತದೆ. ಅದಕ್ಕೇ ಹಳೆಯ ಕಾಗದವನ್ನು ನೆನೆಸಿ ಹೊಸ ಕಾಗದ ಮಾಡಲು ಬರುವುದು.

ಹತ್ತಿಯ ಎಳೆಯಲ್ಲಿ ಸರಪಳಿಗಳು ಬಹಳ ಉದ್ದ, ಮತ್ತು ಹೆಚ್ಚಿನ ಭಾಗದಲ್ಲಿ ಹರಳಿನಂತೆ ಸಾಲುಗಟ್ಟಿ ಒತ್ತಾಗಿ ಜೋಡಣೆಗೊಂಡಿರುತ್ತವೆ. ಆ ಒತ್ತಿನೊಳಗೆ ನೀರಿಗೆ ಪ್ರವೇಶವಿಲ್ಲ. ನಡುನಡುವೆ ಇರುವ ಸಡಿಲ ಭಾಗಗಳಿಗೆ ಮಾತ್ರ ನೀರು ಸೇರಿ, ಅಲ್ಲಿ ಬಿಗಿದುಕೊಂಡಿದ್ದ ಸರಪಳಿಗಳು ತುಸು ಸರಿದು, ಎಳೆದಾಗ ಭಾರವನ್ನು ಸಮನಾಗಿ ಹಂಚಿಕೊಳ್ಳುವಂತಾಗುತ್ತದೆ. ಪರಿಣಾಮವಾಗಿ ನೆಂದ ಹತ್ತಿಯ ಎಳೆ ಒಣಗಿದ್ದಾಗ ಇದ್ದುದಕ್ಕಿಂತ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಹೆಚ್ಚು ಗಟ್ಟಿ! ಅಗಸರ ಕಲ್ಲಿನ ಪೆಟ್ಟನ್ನು ತಲೆತಲಾಂತರದಿಂದ ತಡೆದುಕೊಂಡು ಬಂದದ್ದು ಈ ಬಟ್ಟೆ.

ಆರ್ಟ್ ಸಿಲ್ಕ್ ಎಂದು ನಾವು ಕರೆಯುತ್ತಿದ್ದುದು ರೇಯಾನನ್ನು. ಅದೂ ಸೆಲ್ಯುಲೋಸೇ, ಆದರೆ ಮರದ್ದು. ಮರದ ತಿರುಳನ್ನು ಕ್ಷಾರ ಮತ್ತು ಕಾರ್ಬನ್ ಡೈಸಲ್ಫೈಡಿನಿಂದ ಪಾಕ ಮಾಡಿ, ಸಣ್ಣ ರಂಧ್ರಗಳ ಮೂಲಕ ಆಮ್ಲದ ತೊಟ್ಟಿಗೆ ಹಿಂಡಿ, ಮರಳಿ ಎಳೆಯಾಗಿ ಪಡೆಯುವ ವಿಧಾನವನ್ನು ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ 1892ರಲ್ಲಿ ಕಂಡುಹಿಡಿದರು. ಹರಿಹರದ ಎದುರಿಗೆ ಹೊಳೆಯಾಚೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೀಲಗಿರಿ ಮರದಿಂದ ರೇಯಾನಿಗೆ ಬೇಕಾದ ತಿರುಳನ್ನು ತಯಾರಿಸಲು ತೊಡಗಿದ್ದು 1970ರ ದಶಕದಲ್ಲಿ. ಲಾರಿಗಟ್ಟಲೆ ನೀಲಗಿರಿ ದಿಮ್ಮಿಗಳು ನಮ್ಮ ರಸ್ತೆಯಲ್ಲಿಯೇ ಹೋಗುತ್ತಿದ್ದವು. ಅತ್ತಿಗೆಯ ಸೀರೆಗೂ ಆ ದಿಮ್ಮಿಗಳಿಗೂ ನಂಟಿದೆಯೆಂದು ನನಗೆ ಹೊಳೆದಿರಲಿಲ್ಲ. ಈ ಪಾಕದಲ್ಲಿ ಸರಪಳಿಗಳು ತುಂಡಾಗಿ ಕೆಲವೇ ನೂರು ಮಣಿಗಳ ಉದ್ದಕ್ಕೆ ಇಳಿಯುತ್ತವೆ. ಸಾಲುಗಟ್ಟಿದ ಭಾಗ ಕಡಿಮೆ, ಸಡಿಲ ಭಾಗ ಹೆಚ್ಚು. ಸಡಿಲ ಭಾಗದಲ್ಲಿ ತುಂಡು ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಡುವವು ಹೈಡ್ರೋಜನ್ ಬಂಧಗಳು. ನೀರು ಅಲ್ಲಿಗೇ ನುಗ್ಗುತ್ತದೆ. ನೆಂದ ರೇಯಾನ್ ತನ್ನ ಬಲದಲ್ಲಿ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಒಣಗಿದ ಮೇಲೆ ಬಲ ಮತ್ತೆ ಬರುತ್ತದೆ, ಅಷ್ಟರೊಳಗೆ ಯಾರೂ ಬಡಿಯದಿದ್ದರೆ.

"ನೀರಲ್ಲಿ ನೆಂದ ಮೇಲೆ ಎಲ್ಲ ಬಟ್ಟೆಯೂ ಒಂದೇ" ಎಂದಿದ್ದೆನಲ್ಲ... ಇದಕ್ಕಿಂತ ತಪ್ಪಾದ ವಾಕ್ಯವನ್ನು ನಾನು ತರಗತಿಯಲ್ಲಿಯೂ ಹೇಳಿರಲಾರೆ.

ಇಷ್ಟು ತಿಳಿದ ಮೇಲೆ ನನಗೆ ಅಡುಗೆಮನೆಯೂ ಬೇರೆಯಾಗಿ ಕಾಣತೊಡಗಿತು. ಗೋಧಿಯಲ್ಲಿರುವಂಥ ಅಂಟು ಜೋಳದ ಹಿಟ್ಟಿನಲ್ಲಿಲ್ಲ. ಹಾಗಿದ್ದೂ ಅವ್ವ ರೊಟ್ಟಿ ತಟ್ಟುತ್ತಿದ್ದುದು ಹೇಗೆ? ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು ನಾದುತ್ತಿದ್ದರು. ತಣ್ಣೀರಿನಲ್ಲಿ ಪಿಷ್ಟದ ಕಣಗಳು ಬಾಯಿ ಬಿಡುವುದಿಲ್ಲ. ಬಿಸಿ ತಾಕಿದಾಗ ಒಳಗಿನ ಹೈಡ್ರೋಜನ್ ಬಂಧಗಳು ಸಡಿಲಗೊಂಡು, ನೀರು ಹೊಕ್ಕು, ಕಣಗಳು ಉಬ್ಬಿ ಜಿಗುಟಾಗುತ್ತವೆ. ಆ ಜಿಗುಟೇ ರೊಟ್ಟಿಯನ್ನು ಬಿರಿಯದಂತೆ ಕಾಯುವುದು. ರಾತ್ರಿಯ ಅನ್ನ ಬೆಳಿಗ್ಗೆ ಗಡುಸಾಗುವುದು ಅವೇ ಸರಪಳಿಗಳು ಮತ್ತೆ ಕೈ ಕೈ ಹಿಡಿದು ಸಾಲುಗಟ್ಟುವುದರಿಂದ, ಒಗ್ಗರಣೆ ಹಾಕಿ ಬಿಸಿ ಮಾಡಿದರೆ ಮೆತ್ತಗಾಗುವುದು ಆ ಕೈಗಳು ಬಿಡುವುದರಿಂದ. ವಿಚಿತ್ರವೆಂದರೆ ಪಿಷ್ಟವೂ ಸೆಲ್ಯುಲೋಸೂ ಎರಡೂ ಗ್ಲೂಕೋಸಿನ ಮಾಲೆಗಳೇ. ಮಣಿಗಳನ್ನು ಪೋಣಿಸುವ ಓರೆಯಲ್ಲಿ ಮಾತ್ರ ವ್ಯತ್ಯಾಸ. ಸೆಲ್ಯುಲೋಸ್ ನೆಟ್ಟಗೆ ಚಾಚಿಕೊಂಡು ಪಕ್ಕದವರೊಡನೆ ಸಾಲಾಗಿ ನಿಲ್ಲಬಲ್ಲದು. ಪಿಷ್ಟ ಸುರುಳಿ ಸುತ್ತಿಕೊಳ್ಳುತ್ತದೆ. ಒಂದನ್ನು ಉಡುತ್ತೇವೆ, ಇನ್ನೊಂದನ್ನು ಉಣ್ಣುತ್ತೇವೆ.

ಇಸ್ತ್ರಿ ಪೆಟ್ಟಿಗೆಯ ಗುಟ್ಟೂ ಇದೇ. ಹತ್ತಿ ಅಂಗಿಯ ಮೇಲೆ ನೀರು ಚಿಮುಕಿಸಿ ಬಿಸಿ ಪೆಟ್ಟಿಗೆ ಒತ್ತಿದಾಗ ಹಳೆಯ ಬಂಧಗಳು ಬಿಟ್ಟು, ಒತ್ತಿದ ಭಂಗಿಯಲ್ಲಿಯೇ ಹೊಸವು ಬೆಸೆದುಕೊಳ್ಳುತ್ತವೆ. ಬೆವರಿದರೆ ಮತ್ತೆ ಮುದುಡುತ್ತದೆ. ಮಾರುಕಟ್ಟೆಯಲ್ಲಿ "ಸುಕ್ಕುಗಟ್ಟದ" ಹತ್ತಿ ಅಂಗಿ ಸಿಗುತ್ತದೆಯಲ್ಲ, ಅದರಲ್ಲಿ ರಾಳವೊಂದನ್ನು ಉಣಿಸಿ ಸರಪಳಿಗಳ ನಡುವೆ ಗಟ್ಟಿಯಾದ ಸಹವೇಲೆನ್ಸೀಯ ಬಂಧಗಳನ್ನೇ ಹಾಕಿಬಿಟ್ಟಿರುತ್ತಾರೆ. ಸುಕ್ಕು ಹೋಗುತ್ತದೆ, ಬಟ್ಟೆಯ ಬಾಳಿಕೆ ಸಾಕಷ್ಟು ಕುಗ್ಗುತ್ತದೆ. ಬಗ್ಗಲು ಬಿಡದ ಗಟ್ಟಿ ಬಂಧ ಎಳೆಯನ್ನು ಬಿರುಸಾಗಿಸುತ್ತದೆ.

ಇನ್ನು ನೈಲಾನಿನ ಕಥೆ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ "ದುರ್ಬಲ" ಬಂಧದ ಬೆಲೆಯನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ತೋರಿಸುವ ಪ್ರಸಂಗ ನನಗೆ ಇನ್ನೊಂದು ಸಿಕ್ಕಿಲ್ಲ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವಾಲೇಸ್ ಕರಾದರ್ಸ್ ಎಂಬ ರಸಾಯನಶಾಸ್ತ್ರಜ್ಞರು 1930ರ ಹೊತ್ತಿಗೇ ಕೃತಕ ಎಳೆಯನ್ನು ಎಳೆದು ತೋರಿಸಿದ್ದರು. ಅವರ ಮೊದಲ ಎಳೆಗಳು ಪಾಲಿಯೆಸ್ಟರ್‌ಗಳು. ನೋಡಲು ರೇಷ್ಮೆಯಂತೆ ಹೊಳೆಯುತ್ತಿದ್ದವು, ಬಿಸಿ ತಾಗಿದರೆ ಕರಗಿಹೋಗುತ್ತಿದ್ದವು. ಬಿಸಿನೀರಿನಲ್ಲಿ ಒಗೆಯಲಾಗದ, ಇಸ್ತ್ರಿ ಮಾಡಲಾಗದ ಬಟ್ಟೆಯನ್ನು ಕೊಳ್ಳುವವರು ಯಾರು? ಆಮೇಲೆ ಕೊಂಡಿಗಳಲ್ಲಿ ಆಮ್ಲಜನಕವಿದ್ದ ಜಾಗಕ್ಕೆ ಹೈಡ್ರೋಜನ್ ಹೊತ್ತ ಸಾರಜನಕವನ್ನು ತಂದರು. ಪಾಲಿಯೆಸ್ಟರ್ ಹೋಗಿ ಪಾಲಿಅಮೈಡ್ ಬಂತು. 1935ರ ಫೆಬ್ರವರಿ 28ರಂದು ತಯಾರಾದ ಆ ವಸ್ತುವೇ ನೈಲಾನ್. ಅದೇ ಉದ್ದದ ಕೊಂಡಿಗಳುಳ್ಳ ಪಾಲಿಯೆಸ್ಟರ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಈ ನೈಲಾನ್ ಕರಗಲು ಸುಮಾರು 260 ಡಿಗ್ರಿ ಬೇಕು. ಸರಪಳಿಯ ಬೆನ್ನೆಲುಬು ಹೆಚ್ಚುಕಡಿಮೆ ಒಂದೇ. ಇನ್ನೂರು ಡಿಗ್ರಿಗಳ ಈ ಅಂತರಕ್ಕೆ ಮುಖ್ಯ ಕಾರಣ ಸಾರಜನಕದ ಮೇಲಿನ ಹೈಡ್ರೋಜನ್ ಪಕ್ಕದ ಸರಪಳಿಯ ಆಮ್ಲಜನಕವನ್ನು ಹಿಡಿದುಕೊಂಡದ್ದು. ಪ್ರಕೃತಿಯ ರೇಷ್ಮೆಯಲ್ಲಿ ಇರುವುದೂ ಅದೇ ಹಿಡಿತ. ಕರಾದರ್ಸ್ 1937ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ತಮ್ಮ ನೈಲಾನ್ ಮಾರುಕಟ್ಟೆಗೆ ಬರುವುದನ್ನು ನೋಡದೆ ತೀರಿಕೊಂಡರು.

ಪಾಲಿಯೆಸ್ಟರ್ ಆಮೇಲೆ ಬೇರೊಂದು ದಾರಿಯಿಂದ ಬಂತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಸರಪಳಿಯಲ್ಲಿ ಬೆಂಜೀನ್ ಉಂಗುರಗಳನ್ನು ಸೇರಿಸಿ ಬಿಗಿ ತಂದರು. ನಮ್ಮ ಯೌವನದ ಟೆರಿಲಿನ್, ಟೆರಿಕಾಟ್ ಅಂಗಿಗಳ ಮೂಲ ಅದು. ಅದರ ಸರಪಳಿಗಳಲ್ಲಿ ನೀರಿಗೆ ಕೈ ಕೊಡುವ ಹೈಡ್ರೋಜನ್ ಇಲ್ಲ. ಸಾಧಾರಣ ತೇವದ ಗಾಳಿಯಲ್ಲಿ ಹತ್ತಿ ತನ್ನ ತೂಕದ ನೂರಕ್ಕೆ ಏಳೆಂಟರಷ್ಟು ತೇವವನ್ನು ಹಿಡಿದುಕೊಂಡರೆ, ರೇಷ್ಮೆ ಹನ್ನೊಂದರಷ್ಟು, ನೈಲಾನ್ ನಾಲ್ಕರಷ್ಟು, ಪಾಲಿಯೆಸ್ಟರ್ ಅರ್ಧಕ್ಕಿಂತ ಕಡಿಮೆ. ಬೇಗ ಒಣಗುವುದೂ, ಮೇ ತಿಂಗಳಲ್ಲಿ ಮೈಗೆ ಅಂಟಿ ಬೇಯಿಸುವುದೂ ಒಂದೇ ಕಾರಣದಿಂದ. ಟೆರಿಕಾಟ್ ಅಂಗಿ ತೊಟ್ಟು ಬಿಸಿಲಲ್ಲಿ ಡ್ರಿಲ್ ಮಾಡಿಸಿದ ಶಿಕ್ಷಕರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಇದೆಲ್ಲ ಪರದೇಶದ ಕಥೆಯೆಂದು ತಿಳಿಯಬೇಡಿ. ಚರ್ಮದಲ್ಲಿಯೂ ಮೂಳೆಯಲ್ಲಿಯೂ ಇರುವ ಕೊಲಾಜನ್ ಎಂಬ ಪ್ರೋಟೀನು ಮೂರು ಎಳೆಗಳ ಹುರಿಯೆಂದು 1954ರಲ್ಲಿ ಮದರಾಸಿನಿಂದ ತೋರಿಸಿಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಆ ಮೂರು ಎಳೆಗಳ ನಡುವೆ ಎಷ್ಟು ಹೈಡ್ರೋಜನ್ ಬಂಧಗಳಿರಬಹುದೆಂಬ ಬಗ್ಗೆ ಕ್ರಿಕ್ ಮತ್ತು ರಿಚ್ ಅವರೊಡನೆ ದೊಡ್ಡ ವಾದವೇ ನಡೆಯಿತು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಎಷ್ಟು ಮಂದಿ ವಿಜ್ಞಾನ ಶಿಕ್ಷಕರು ಅವರ ಹೆಸರನ್ನು ತರಗತಿಯಲ್ಲಿ ಹೇಳಿರಬಹುದು? ನಾನು ಹೇಳಿರಲಿಲ್ಲ.

ಮುರಿದು ಮತ್ತೆ ಬೆಸೆಯುವ ಈ ಗುಣವನ್ನೇ ಬಂಡವಾಳ ಮಾಡಿಕೊಂಡು 2008ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ಒಂದು ರಬ್ಬರನ್ನು ಮಾಡಿದರು. ಕೊಬ್ಬಿನಾಮ್ಲಗಳನ್ನೂ ಯೂರಿಯಾವನ್ನೂ ಬಳಸಿ ಮಾಡಿದ ಆ ರಬ್ಬರಿನಲ್ಲಿ ಸಣ್ಣ ಅಣುಗಳು ಹೈಡ್ರೋಜನ್ ಬಂಧಗಳಿಂದ ಬಲೆಯಾಗಿ ಹೆಣೆದುಕೊಂಡಿವೆ. ಬ್ಲೇಡಿನಿಂದ ಕತ್ತರಿಸಿ, ಎರಡು ತುಂಡುಗಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು, ಅಂಟಿಲ್ಲದೆ, ಬಿಸಿಯಿಲ್ಲದೆ ಗಾಯ ಕೂಡಿಕೊಳ್ಳುತ್ತದೆ! ಗಟ್ಟಿ ಬಂಧಗಳಿಂದ ಕಟ್ಟಿದ ಮಾಮೂಲಿ ರಬ್ಬರಿಗೆ ಈ ಭಾಗ್ಯವಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುತ್ತೇನೆ, ಇಲ್ಲವಾದರೆ ರಸಾಯನಶಾಸ್ತ್ರ ಓದಿದ ಶಿಷ್ಯರು ನನ್ನನ್ನು ಬಿಡಲಾರರು. ಎಲ್ಲದಕ್ಕೂ ಹೈಡ್ರೋಜನ್ ಬಂಧವೇ ಕಾರಣವೆನ್ನುವುದೂ ಸರಿಯಲ್ಲ. ಹತ್ತಿ ನೀರಿನಲ್ಲಿ ಕರಗದಿರುವುದಕ್ಕೆ ಸರಪಳಿಗಳ ನೀರೊಲ್ಲದ ಮೈಗಳು ಒಂದರ ಮೇಲೊಂದು ಕೂತಿರುವುದೂ ದೊಡ್ಡ ಕಾರಣವೆಂದು ಸ್ವೀಡನ್ನಿನ ಬ್ಯೋರ್ನ್ ಲಿಂಡ್‌ಮನ್ ಮತ್ತು ಸಂಗಡಿಗರು 2010ರಲ್ಲಿ ವಾದಿಸಿದ್ದಾರೆ, ಚರ್ಚೆ ನಡೆದಿದೆ. ಹಾಗೆಯೇ ಹೈಡ್ರೋಜನ್ ಬಂಧವಿದ್ದ ಮಾತ್ರಕ್ಕೆ ವಸ್ತು ಮಣ್ಣಿನಲ್ಲಿ ಬೇಗ ಕೊಳೆಯುತ್ತದೆಂದೂ ಅಲ್ಲ. ನೈಲಾನ್ ಬಲೆ ಸಮುದ್ರದಲ್ಲಿ ಎಷ್ಟು ಕಾಲ ಉಳಿದು ಕಾಡುತ್ತದೆಂಬುದನ್ನು ಮೀನುಗಾರರನ್ನು ಕೇಳಿ.

ಇರಲಿ, ನನ್ನ ತಕರಾರಿಗೆ ಬರುತ್ತೇನೆ. ಹತ್ತನೆಯ ತರಗತಿಗೇ ಓದು ನಿಲ್ಲಿಸುವ ಮಗುವಿಗೆ ಈ ಬಂಧದ ಪರಿಚಯವೇ ಆಗುವುದಿಲ್ಲ. ಮುಂದೆ ಓದುವ ಮಗುವಿಗೆ ಎರಡು ಅಂಕದಷ್ಟು ಆಗುತ್ತದೆ. 2022ರಲ್ಲಿ ಎನ್‌ಸಿಇಆರ್‌ಟಿ ಮಕ್ಕಳ ಹೊರೆ ಇಳಿಸಲೆಂದು ಪುಸ್ತಕಗಳನ್ನು ಕತ್ತರಿಸಿದಾಗ, ಎಂಟನೆಯ ತರಗತಿಯ ಸಂಶ್ಲೇಷಿತ ಎಳೆಗಳು ಮತ್ತು ಪ್ಲಾಸ್ಟಿಕ್‌ಗಳ ಅಧ್ಯಾಯ ಹೋಯಿತು. ಕೆಳಗಿನ ತರಗತಿಗಳಲ್ಲಿ ಎಳೆಯಿಂದ ಬಟ್ಟೆಯಾಗುವ ಬಗೆಯನ್ನು ಹೇಳುತ್ತಿದ್ದ ಪಾಠವೂ ಹೋಯಿತು. ಹೊರೆ ಇಳಿಸಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮಗು ದಿನವೂ ಮೈಮೇಲೆ ಹೊತ್ತು ಬರುವ ವಸ್ತುವಿನ ಪಾಠ ಹೊರೆಯಾದದ್ದು ಹೇಗೆ? ಉಳಿಸಿಕೊಂಡ ಎಷ್ಟೋ ವ್ಯಾಖ್ಯೆಗಳಿಗಿಂತ ಅದು ಹಗುರವಾಗಿತ್ತು.

ಹೈಡ್ರೋಜನ್ ಬಂಧ ಪ್ರೌಢಶಾಲೆಯ ಮಕ್ಕಳಿಗೆ ಕಠಿಣವೆಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಎಲೆಕ್ಟ್ರಾನುಗಳಿಂದ ಆರಂಭಿಸಿದರೆ ಕಠಿಣವೇ. ಕಾಗದದ ಪಟ್ಟಿ, ಹತ್ತಿಯ ನೂಲು, ರೇಯಾನ್ ನೂಲು ಇವುಗಳನ್ನು ಒಣಗಿದ್ದಾಗಲೂ ನೆನೆಸಿದಾಗಲೂ ತೂಕದ ಬಟ್ಟು ಕಟ್ಟಿ ನೇತುಹಾಕಿ, ಯಾವುದು ಎಷ್ಟಕ್ಕೆ ಹರಿಯಿತೆಂದು ಬರೆಸಿದರೆ? ನಿವೃತ್ತಿಗೆ ಮೊದಲು ಆರೇಳು ವರ್ಷ ನಾನು ಹೀಗೆ ಮಾಡಿಸಿದೆ. ಖರ್ಚು ಇಪ್ಪತ್ತು ರೂಪಾಯಿ ಮೀರಲಿಲ್ಲ. ಹತ್ತಿಯ ನೂಲು ನೆಂದಾಗ ಹೆಚ್ಚು ಭಾರ ತಡೆದದ್ದನ್ನು ನೋಡಿ "ಸರ್, ತಕ್ಕಡಿ ತಪ್ಪಾಗಿದೆ" ಎಂದ ಹುಡುಗರು ಈಗ ಇದನ್ನು ಓದುತ್ತಿರಬಹುದು. ಅದಕ್ಕಿಂತ ಹಿಂದಿನ ತಂಡಗಳಿಗೆ ನಾನು ಅದನ್ನು ಮಾಡಿಸಲಿಲ್ಲ. ಹಿಂದಿನ ಬೆಂಚಿನಿಂದ ಎದ್ದು ನಿಂತ ಆ ಹುಡುಗಿಗೂ ಉತ್ತರ ತಲುಪಿಸಲಿಲ್ಲ. ನಾನು ಧಾರವಾಡದಿಂದ ಮರಳುವಷ್ಟರಲ್ಲಿ ಆಕೆ ಶಾಲೆ ಬಿಟ್ಟಾಗಿತ್ತು. ಆಕೆಯ ಪರಿಚಯ ಯಾರಿಗಾದರೂ ಇದ್ದರೆ ಈ ಬರಹವನ್ನು ಓದಿ ಹೇಳಿ.

ಇನ್ನೊಂದು ಮಾತು, ಬಟ್ಟೆಯ ಅಂಚಿಗೆ ಹೊಲಿದಿರುವ ಚೀಟಿಗಳ ಬಗ್ಗೆ. ಏನು ನೂಲು, ಹೇಗೆ ಒಗೆಯಬೇಕು ಎಂಬುದು ಅದರಲ್ಲಿರುತ್ತದೆ. ನಾನು ಕೈಯಲ್ಲಿ ಹಿಡಿದು ನೋಡಿದವುಗಳೆಲ್ಲ ಇಂಗ್ಲಿಷಿನಲ್ಲಿಯೋ ಯಾರಿಗೂ ತಿಳಿಯದ ಚಿತ್ರಗಳಲ್ಲಿಯೋ ಇದ್ದವು. ನಮ್ಮ ಮನೆಗಳಲ್ಲಿ ಒಗೆಯುವವರು ಯಾರು, ಅವರು ಯಾವ ಭಾಷೆಯನ್ನು ಓದುತ್ತಾರೆ ಎಂದು ಮಾರುವವರು ಒಮ್ಮೆ ಯೋಚಿಸಬಾರದೇ?

ದೀಪಾವಳಿಯ ಆ ಸಂಜೆ ನೋಟ್ಸನ್ನು ಮಡಚಿಟ್ಟು ಅತ್ತಿಗೆಯ ಬಳಿ ಹೋಗಿ ಕುಳಿತು ಸೀರೆಯ ವಿಷಯ ತೆಗೆದೆ. ನಲವತ್ತು ವರ್ಷಗಳಾಗಿವೆ, ಅವ್ವನೂ ಇಲ್ಲ, ಅಣ್ಣನೂ ಇಲ್ಲ. ತಪ್ಪು ನಿಮ್ಮದಾಗಿರಲಿಲ್ಲ, ನೂಲಿನ ಗುಣವೇ ಹಾಗಿತ್ತು, ನಾನು ತಿಳಿಯದೆ ಮಾತಾಡಿದೆ ಎಂದೆ. ಅತ್ತಿಗೆ ನಕ್ಕರು. "ಅದ ಕೈ, ಅದ ಕಲ್ಲು ಅಂತ ನಾ ಆವತ್ತ ಹೇಳಿದ್ದೆ ಮಾಸ್ತರ" ಎಂದರು. ಒಳಗೆ ಹೋಗಿ ಒಂದು ಹಳೆಯ ಕೌದಿ ತಂದು ಹರವಿದರು. ನಡುವಿನ ಚೌಕದಲ್ಲಿ ಬಣ್ಣ ಮಾಸಿದ ಗಿಳಿಹಸಿರು. "ಇದನ್ನ ಇನ್ನೂ ಬಡದು ಒಗಿಯಂಗಿಲ್ಲ. ಹಿಂಡಂಗೂ ಇಲ್ಲ. ನೀರಾಗ ಅದ್ದಿ ಹಂಗ ಬಿಸಲಿಗೆ ಹಾಕ್ತೀನಿ."

ಆಮೇಲೆ ಮೊಮ್ಮಗಳ ಹೊಸ ಕುರ್ತಾವನ್ನು ತಂದು, ಇದು ಯಾವ ಬಟ್ಟೆ, ಮಷಿನ್ನಿಗೆ ಹಾಕಬಹುದೇ ನೋಡಿ ಎಂದರು. ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ರೇಯಾನ್. ತಣ್ಣೀರಿನಲ್ಲಿ ಕೈಯಿಂದ ಒಗೆಯಬೇಕು, ಹಿಂಡಬಾರದು ಎಂದು ಕನ್ನಡದಲ್ಲಿ ಹೇಳಿದೆ. ಅವರು ತಲೆಯಾಡಿಸಿ ಅದನ್ನು ಉಳಿದ ಬಟ್ಟೆಗಳಿಂದ ಬೇರೆ ಇಟ್ಟರು.